ಮರಿಯ ತಟ್ಟೆ, ನನ್ನ ಸ್ಲೇಟು

ನಾಯಿಮರಿಗೆ ದಿನಕ್ಕೆ ಮೂರು ಹೊತ್ತು, ಅದರ ತಟ್ಟೆಯಲ್ಲೇ, ನನ್ನ ಕೈಯಿಂದಲೇ. ನಡುವೆ ಯಾರೂ ಏನೂ ಹಾಕಕೂಡದು.

ಅರವತ್ತರ ದಶಕದ ಆರಂಭದಲ್ಲಿ, ಶಿಡ್ಲಘಟ್ಟದ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆ ಬಾಗಿಲಿಗೆ ಇದನ್ನು ಸ್ಲೇಟಿನಲ್ಲಿ ಬರೆದು ತೂಗುಹಾಕಿದ್ದೆ. ನಾನು ಪಾಠ ಮಾಡುತ್ತಿದ್ದ ಹೈಸ್ಕೂಲಿನಲ್ಲಿ ಕೆಮ್ಮಿದರೆ ಇಡೀ ತರಗತಿ ಎದ್ದು ನಿಲ್ಲುತ್ತಿತ್ತು. ಮನೆಯಲ್ಲಿ ಕೆಮ್ಮಿದರೆ ಕಷಾಯ ಬರುತ್ತಿತ್ತು. ಅಂಥ ಮನೆಯಲ್ಲಿ ಈಗ ಹೇಳಲಿರುವಂಥವು ನಡೆಯುತ್ತಲೇ ಇರುತ್ತವೆ.

೧. ಊಟ ಬಿಟ್ಟದ್ದು

ಮೂರು ತಿಂಗಳ ಮರಿ ಒಂದು ಬೆಳಿಗ್ಗೆ ಹಾಲನ್ನ ಮೂಸಿ ಮುಖ ತಿರುಗಿಸಿತು. ಮಧ್ಯಾಹ್ನವೂ ಅಷ್ಟೇ. ಆದರೆ ನನ್ನ ಪಂಚೆಯ ತುದಿ ಎಳೆಯುವ ಹುಮ್ಮಸ್ಸು ಕುಂದಿರಲಿಲ್ಲ. ದನದ ಆಸ್ಪತ್ರೆಗೆ ಹೋದೆ.

"ಆಡ್ತಾ ಇದ್ಯಲ್ಲ, ಒಂದೆರಡು ಹೊತ್ತು ಬಿಟ್ರೆ ಗಾಬರಿ ಆಗ್ಬೇಡಿ," ಎಂದರು ಡಾಕ್ಟರು. "ವಾಂತಿ ಮಾಡಿ, ನೀರೂ ಮುಟ್ಟದೆ, ಕರೆದ್ರೂ ಏಳದೆ ಮಲಗಿದ್ರೆ ಮಾತ್ರ ಕಾಯಬೇಡಿ, ಎತ್ಕೊಂಡು ಬನ್ನಿ. ಹೊರಗೇನಾದ್ರೂ ತಿನ್ನುತ್ತಾ?"

"ನಮ್ಮ ಮನೆಯಲ್ಲಿ ಅದಕ್ಕೆ ಅವಕಾಶವಿಲ್ಲ."

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ಮನೆಗೆ ಬಾಗಿಲು ಇದ್ಯಲ್ಲ ಸಾರ್?"

೨. ಪಕ್ಕದ ಮನೆಯ ಔತಣ

ಪಕ್ಕದಲ್ಲಿ ರೇಷ್ಮೆ ನೂಲು ಬಿಚ್ಚುವ ಸಾಹೇಬರು. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಒಳಗಿನ ಹುಳು ಬುಟ್ಟಿಗಟ್ಟಲೆ ಉಳಿಯುತ್ತದೆ. ಆ ಸಂಜೆ ನೋಡಿದರೆ ಮರಿಯ ತಲೆ ಬುಟ್ಟಿಯೊಳಗೆ, ಬಾಲ ಹೊರಗೆ.

"ಸಾಹೇಬ್ರೇ, ಏನಿದು?"

"ಅರೆ ಮೇಷ್ಟ್ರೇ, ವಾರದಿಂದ ಬರ್ತಾನೆ ಪಾಪ. ನಿಮ್ಮನೇಲಿ ಏನೂ ಹಾಕಲ್ವೇನೋ ಅಂತ ನಾನೇ ಕರೀತಿದ್ದೆ!"

೩. ತಪ್ಪೊಪ್ಪಿಗೆ

ಮಾರನೆಯ ದಿನ ಮರಿ ವಾಂತಿ ಮಾಡಿಕೊಂಡು ಒರಳಿನ ಪಕ್ಕ ಮಲಗಿಬಿಟ್ಟಿತು. ನೀರು ಮುಟ್ಟಲಿಲ್ಲ. ಕರೆದರೆ ಬಾಲವೂ ಅಲ್ಲಾಡಲಿಲ್ಲ. ಟವೆಲಿನಲ್ಲಿ ಸುತ್ತಿಕೊಂಡು ಓಡಿದೆ. ನನ್ನ ಹಿಂದೆ ಅಮ್ಮ, ಹೆಂಡತಿ, ಸಾಹೇಬರು.

"ಏನೇನು ತಿಂದಿದೆ? ಮುಚ್ಚಿಟ್ರೆ ಮರಿ ಉಳಿಯಲ್ಲ," ಎಂದರು ಡಾಕ್ಟರು.

ಸಾಹೇಬರು ಹುಳುವಿನ ಲೆಕ್ಕ ಒಪ್ಪಿಸಿದರು.

"ಮುದ್ದೆ ಕಣಪ್ಪಾ," ಎಂದರು ಅಮ್ಮ. "ನೆಲ್ಲಿಕಾಯಷ್ಟು."

"ತೆಂಗಿನಕಾಯಷ್ಟು ಅತ್ತೆ!" ಎಂದಳು ನನ್ನ ಹೆಂಡತಿ. "ನಾನು ಬರೀ ಹಾಲಿನ ಕೆನೆ ಹಾಕಿದ್ದು."

ಮರಿ ನನ್ನ ತೊಡೆಯ ಮೇಲೆ ಕಷ್ಟಪಟ್ಟು ಉಸಿರಾಡುತ್ತಿತ್ತು. ನನಗೂ ಮುಚ್ಚಿಡುವುದು ಸಾಧ್ಯವಾಗಲಿಲ್ಲ.

"ಬಿಸ್ಕತ್ತು," ಎಂದೆ. "ದಿನಾ ಸಂಜೆ ಎರಡು. ಪೇಪರಿನ ಹಿಂದಿನಿಂದ."

ಅಮ್ಮ ನನ್ನ ಕಡೆ ತಿರುಗಿ ಕೇಳಿದರು: "ಸ್ಲೇಟು ಬರೆದೋರು ಯಾರಪ್ಪಾ?"

೪. ತಟ್ಟೆ

ಡಾಕ್ಟರು ಇಂಜೆಕ್ಷನ್ ಕೊಟ್ಟು, ಚಮಚದಲ್ಲಿ ನೀರು, ಆಮೇಲೆ ತೆಳು ಗಂಜಿ ಎಂದು ಕಟ್ಟಪ್ಪಣೆ ಮಾಡಿದರು. ಎರಡು ದಿನ ನಮ್ಮ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಮೂರನೆಯ ದಿನ ಮರಿ ಎದ್ದು ಗಂಜಿ ನೆಕ್ಕಿತು. ಅಮ್ಮ ದೇವರಿಗೆ ಕೈಮುಗಿದರು. ನಾನು ಸ್ಲೇಟಿನ ಅಕ್ಷರಗಳನ್ನು ಮತ್ತೊಮ್ಮೆ ತಿದ್ದಿ ದಪ್ಪ ಮಾಡಿದೆ.

ವಾರ ಕಳೆಯಿತು. ಸಂಜೆ ಪೇಪರು ಬಿಡಿಸಿ ಕೂತಿದ್ದೆ. ಅಭ್ಯಾಸಬಲ; ಕೈ ತಾನಾಗಿ ಕೆಳಗಿಳಿಯಿತು, ಬಿಸ್ಕತ್ತಿನ ಸಮೇತ.

ಮರಿ ಮೂಸಿತು. ಮುಖ ತಿರುಗಿಸಿತು. ಮತ್ತೆ ಊಟ ಬಿಟ್ಟಿತೇ?

ಅದು ಸೀದಾ ಒಳಗೆ ಹೋಯಿತು. ತನ್ನ ತಟ್ಟೆಯನ್ನು ಬಾಯಲ್ಲಿ ಕಚ್ಚಿ, ಮನೆಮಂದಿಯೆಲ್ಲ ನೋಡುತ್ತಿದ್ದಂತೆ ಗರಗರ ಎಳೆದುಕೊಂಡು ಬಂದು, ಸ್ಲೇಟಿನ ಕೆಳಗಿಟ್ಟು, ನನ್ನ ಕಡೆ ಮುಖ ಮಾಡಿ ಕೂತಿತು.