ಡೋಶಿಯಾಳ ಗೋರಿಗೆ ಬಂದ ಹಲಗೆ

ವೆಸ್ಟಾ: ಮೊಳೆ ಕೊಡಲ್ಲ ಅಂದ್ರೆ ಕೊಡಲ್ಲ! ಆ ಮಾತು ಬರೆದಿರೋ ಹಲಗೇನ ಅಮ್ಮನ ಗೋರಿಗೆ ಹೊಡೆದ್ರೆ ನಿನ್ನ ಕೈ ಮುರೀತೀನಿ.

ಆರ್ವಲ್: ‘ಮೆಲಂಜನ್ ಕುಲದ ಡೋಶಿಯಾ ಗೋಯಿನ್ಸ್’ ಅಂತಿದೆ, ಅಷ್ಟೆ. ನಮ್ಮ ಜನದ ಹೆಸರು ಕಣಕ್ಕಾ!

ನ್ಯೂಮನ್ ಬೆಟ್ಟದಲ್ಲಿ ನಾವು ಸತ್ತವರಿಗೂ ಸೂರು ಕಟ್ಟುತ್ತೇವೆ. ಡೋಶಿಯಾಳ ಗೋರಿಯ ಮೇಲಿನ ಪುಟ್ಟ ಮನೆ ಸೋರುತ್ತಿದೆಯೆಂದು ಮಕ್ಕಳಿಬ್ಬರೂ ರಿಪೇರಿಗೆ ಬಂದಿದ್ದರು. ಎಪ್ಪತ್ತೆಂಟರ ಅಕ್ಕ ಮೊಳೆ ಡಬ್ಬಿ ತಬ್ಬಿಕೊಂಡು ಕೂತಿದ್ದಳು, ಎಪ್ಪತ್ತರ ತಮ್ಮ ಸುತ್ತಿಗೆ ಹಿಡಿದು ನಿಂತಿದ್ದ. ಸೂರು ಮಾತ್ರ ಇನ್ನೂ ಸೋರುತ್ತಿತ್ತು.

ವೆಸ್ಟಾ: ಹೆಸರಂತೆ! ಅರ್ಥ ಏನು, ಹೇಳು ನೋಡೋಣ.

ಆರ್ವಲ್: ಫ್ರೆಂಚ್ ಮಾತು. ಬೆರಕೆ ಅಂತ.

ವೆಸ್ಟಾ: ಅಮ್ಮನ ತಲೆ ಮೇಲೆ ಬೆರಕೆ ಅಂತ ಬರೆಸ್ಕೊಂಡು ಬಂದ್ಯಾ? ಏನು ಮಾತೃಭಕ್ತಿ!

ಆರ್ವಲ್: ಹಾಗಾದ್ರೆ ಪೋರ್ಚುಗೀಸ್ ಅಂತಿಟ್ಕೋ. ಒಂದೇ ಹಡಗಲ್ಲಿ ಬಂದೋರು ಅಂತ.

ವೆಸ್ಟಾ: ಅಮ್ಮ ಕೆಳಗಿನ ಹೊಳೆ ದಾಟೋಕೇ ಹೆದರ್ತಿದ್ಲು. ಹಡಗಂತೆ!

ಆರ್ವಲ್: ತುರ್ಕಿಯವರ ಮಾತಲ್ಲಿ ಶಾಪ ಹೊತ್ತ ಜೀವ ಅಂತಾನೂ...

ವೆಸ್ಟಾ: ಮುಚ್ಚೋ ಬಾಯಿ! ಮೂರು ದೇಶ ಸುತ್ತಿದ್ಯಲ್ಲ, ಹೆತ್ತೋಳ್ನ ಒಂದು ಮಾತು ಕೇಳಿದ್ಯಾ? ಆರು ವರ್ಷದೋನಿದ್ದಾಗ ನೀನು ಆ ಮಾತಾಡಿದ್ದಕ್ಕೆ ಸೋಪು ಹಾಕಿ ಬಾಯಿ ತೊಳೆದಿದ್ಲು.

ಆರ್ವಲ್: ಅದು ಆಗ. ಈಗ ಹೆಮ್ಮೆ! ಕೆಳಗಿನ ಕಣಿವೆಯ ಬಿಳಿಯೋರೇ ಕೊಳವೆಗೆ ಉಗುಳಿ, ವಂಶದ ಪರೀಕ್ಷೆ ಮಾಡಿಸ್ಕೊಂಡು, ನಾವೂ ಮೆಲಂಜನ್ ಅಂತ ಬರ್ತಿದಾರೆ.

ವೆಸ್ಟಾ: ಆಗ ನಮ್ಮ ಮೇಲೆ ಉಗುಳ್ತಿದ್ರು, ಈಗ ಕೊಳವೆಗಾ? ಸುಧಾರಿಸಿದಾರೆ ಬಿಡು.

ಆರ್ವಲ್: ಈ ಹಲಗೆ ಬರೆದುಕೊಟ್ಟಿದ್ದೂ ಹಾಗೆ ಬಂದೋರೇ, ನಮ್ಮ ಮೆಲಂಜನ್ ಸಂಘದ ಅಧ್ಯಕ್ಷರು, ಲಾಫ್ಟಿಸ್.

ವೆಸ್ಟಾ: ಯಾವ ಲಾಫ್ಟಿಸ್? ಆ ಮೇಷ್ಟ್ರ ಮೊಮ್ಮಗನಾ?

ಆರ್ವಲ್: ಹೂಂ. ಎಂಥ ಮನೆತನ!

ವೆಸ್ಟಾ: ಎಂಥದ್ದು ಅಂತ ಕೇಳು. ಏಳು ವರ್ಷದ ಅಮ್ಮ ಸ್ಲೇಟು ಹಿಡ್ಕೊಂಡು ಹೋದ್ರೆ, ಆ ಮೇಷ್ಟ್ರು ಶಾಲೆ ಬಾಗಿಲಲ್ಲೇ ನಿಂತು, ಇದೇ ಮಾತಂದು ಓಡಿಸಿದ. ಸಾಯೋವರೆಗೂ ಸಹಿ ಹಾಕೋ ಕಡೆ ಕತ್ತರಿ ಗುರುತು ಹಾಕಿದ್ಲು ನಮ್ಮಮ್ಮ.

ಆರ್ವಲನ ಸುತ್ತಿಗೆ ಕೆಳಗಿಳಿಯಿತು.

ಆರ್ವಲ್: ಇಷ್ಟು ವರ್ಷ ಯಾಕೆ ಹೇಳಲಿಲ್ಲ?

ವೆಸ್ಟಾ: ಹೇಳೋಕೆ ಆ ಮಾತು ನನ್ನ ಬಾಯಲ್ಲಿ ಬರಬೇಕಿತ್ತಲ್ಲ.

ವೆಸ್ಟಾ ಮೊಳೆ ಡಬ್ಬಿಯನ್ನು ತಮ್ಮನ ಕೈಗೆ ಕೊಟ್ಟಳು.

ವೆಸ್ಟಾ: ಗರಗಸ ತಗೋ. ಅಮ್ಮನ ಹೆಸರಿನ ಭಾಗ ಕುಯ್ದು ಇಲ್ಲಿ ಹೊಡಿ.

ಆರ್ವಲ್: ಉಳಿದ ತುಂಡು? ಒಲೆಗಾ?

ವೆಸ್ಟಾ: ಛೆ! ಅಧ್ಯಕ್ಷರಿಗೆ ಹೆಮ್ಮೆಯ ಮಾತಲ್ವಾ ಅದು? ಚರ್ಚಿನ ಹಿಂದೆ ಅವರಜ್ಜನ ಗೋರಿ ಇದೆ, ಅಲ್ಲಿ ಹೊಡೆಯೋಣ. ಈ ಹೆಸರು ಎಲ್ಲಿಂದ ಬಂತು ಅಂತ ದೇಶದೇಶ ಹುಡುಕಿದ್ಯಲ್ಲೋ, ಅದು ಬಂದ ಬಾಯಿ ಅಲ್ಲೇ ಮಲಗಿದೆ. ನಡಿ.