ಹೊರಗೊಂದು ಪ್ಲಗ್ ಪಾಯಿಂಟ್ ಇಲ್ಲದ ಮನೆ

ಹಬ್ಬ ಬಂತು ಅಂದ್ರೆ ನನ್ನ ಮಾನ ಒಂದು ವೈರಿನ ತುದೀಲಿ ನೇತಾಡುತ್ತೆ. ಬ್ಯಾಟರಾಯನಪುರದಲ್ಲಿ ಮನೆ ಕಟ್ಟಿಕೊಂಡಾಗಿನಿಂದ ಇದೇ ಕತೆ. ಕಟ್ಟುವಾಗ ಎಲೆಕ್ಟ್ರಿಶಿಯನ್ನು, "ಗೇಟಿನ ಹತ್ರ ಒಂದು ಪಾಯಿಂಟ್ ಕೊಡ್ಲಾ ಸಾರ್?" ಅಂತ ಕೇಳಿದ. ನಮ್ಮ ಯಜಮಾನರು, "ಯಾಕಪ್ಪ, ಬೀದಿನಾಯಿ ಮೊಬೈಲ್ ಚಾರ್ಜ್ ಮಾಡ್ಕೊಳ್ಳುತ್ತಾ?" ಅಂದ್ರು. ಅವನು ನಕ್ಕ. ನಾನು ಇವತ್ತಿಗೂ ಅಳ್ತಾ ಇದ್ದೀನಿ.

ಯಾಕಂದ್ರೆ ಎದುರಿಗೆ ಒಬ್ಬಳಿದ್ದಾಳೆ, ಮೂರಂತಸ್ತಿನವಳು. ಅವಳ ಮಾವ ರಾಗಿ ಬಿತ್ತುತ್ತಿದ್ದ ಹೊಲ ಲೇಔಟ್ ಆಯ್ತು, ಇವಳು ಮಹಾರಾಣಿ ಆದಳು. ಗೇಟಿಗೊಂದು ಪಾಯಿಂಟು, ತುಳಸಿಕಟ್ಟೆಗೊಂದು ಪಾಯಿಂಟು, ತೆಂಗಿನಮರದ ಬುಡಕ್ಕೂ ಒಂದು! ಸೊಸೆ ಮಾತ್ರ ತೌರಿಗೆ ಹೋದವಳು ಮೂರು ತಿಂಗಳು ಬರಲಿಲ್ಲ. ಯಾಕೆ ಅಂತ ನಾನಾಗಿ ಹೇಳೋಲ್ಲ. ಯಾರಾದ್ರೂ ಕೇಳಿದ್ರೆ ಮಾತ್ರ ಹೇಳ್ತೀನಿ.

ನಮ್ಮ ಬೀದಿ ಗಣೇಶನ ಪೆಂಡಾಲು ಹಾಕೋದು ಖಾಲಿ ಸೈಟಿನಲ್ಲಿ. ಅಲ್ಲಿ ಕರೆಂಟಿಲ್ಲ. ಪ್ರತಿವರ್ಷ ಕರೆಂಟು ಅವಳ ಮನೆಯಿಂದ. ಅದಕ್ಕೇ ಮೊದಲ ಮಂಗಳಾರತಿ ಅವಳಿಗೆ, ಮೈಕಿನಲ್ಲಿ ಹೆಸರೂ ಅವಳದ್ದೇ. ಸಾಯೋದರೊಳಗೆ ಒಂದೇ ಒಂದು ಸಲ ಆ ಮೈಕಿನಲ್ಲಿ ನನ್ನ ಹೆಸರು ಕೇಳಿಸಬೇಕು, ಅಷ್ಟೇ ನನ್ನ ಆಸೆ.

ಬಚ್ಚಲ ದೀಪಾವಳಿ

ಒಂದು ದೀಪಾವಳಿಗೆ ಮೂರಂತಸ್ತಿನವಳು ಮಹಡಿಯಿಂದ ನೆಲದವರೆಗೂ ಸೀರಿಯಲ್ ಸೆಟ್ಟು ಇಳಿಬಿಟ್ಟಳು. ನನಗೆ ಅನ್ನ ಸೇರಲಿಲ್ಲ. ಆರ್.ಟಿ. ನಗರಕ್ಕೆ ಹೋಗಿ ನಾನೂ ನಾಲ್ಕು ಸೆಟ್ಟು ತಂದೆ. ಕರೆಂಟ್ ಎಲ್ಲಿಂದ ಕೊಡೋದು? ಗೇಟಿಗೆ ಹತ್ತಿರ ಇರೋದು ಅಂದ್ರೆ ಬಚ್ಚಲುಮನೆ ಒಂದೇ, ಕಕ್ಕಸೂ ಅದರಲ್ಲೇ. ಬಲ್ಬ್ ಹೋಲ್ಡರಿಗೇ ವೈರು ಸಿಕ್ಕಿಸಿ, ಗವಾಕ್ಷಿಯಿಂದ ಹೊರಗೆಳೆದು ಗೇಟಿಗೆ ಸುತ್ತಿದೆ.

ಆದ್ರೆ ಬಚ್ಚಲ ಸ್ವಿಚ್ಚು ಹಾಕಿದ್ರೆ ಮಾತ್ರ ಗೇಟಿನ ದೀಪ ಹತ್ತೋದು. "ಸ್ವಿಚ್ ಆರಿಸಬೇಡಿ" ಅಂತ ಎಲ್ಲರಿಗೂ ಹೇಳಿದ್ದೆ. ಯಾರು ಕೇಳ್ತಾರೆ? ಹೊಸ ಅಳಿಯ ಬಂದಿದ್ದ, ಒಳ್ಳೆ ಮನೆತನದವನು, ಬಚ್ಚಲಿಂದ ಹೊರಗೆ ಬಂದಾಗೆಲ್ಲ ಮರ್ಯಾದೆಯಾಗಿ ಆರಿಸಿಬಿಡೋನು. ಅವತ್ತು ಒಬ್ಬಟ್ಟು ಬೇರೆ ಜಾಸ್ತಿ ತಿಂದಿದ್ದ. ಗೇಟಿನ ದೀಪ ಹತ್ತಿತು, ಆರಿತು. ಮತ್ತೆ ಹತ್ತಿತು, ಆರಿತು. ಬೀದಿಯವರು ನಿಂತು ನೋಡ್ತಾ ಇದ್ದಾರೆ, ನನಗೋ ಹೆಮ್ಮೆ.

ಏಳನೇ ಸಲ ಹತ್ತಿದಾಗ ಮೂರಂತಸ್ತಿನವಳು ಬಾಲ್ಕನಿಯಿಂದ ಬಗ್ಗಿ ಕೂಗಿದಳು: "ಅಕ್ಕಾ, ಅಳಿಯಂದ್ರಿಗೆ ಹೊಟ್ಟೆ ಸರಿ ಇಲ್ವಾ? ಜೀರಿಗೆ ಕಷಾಯ ಕಳಿಸ್ಲಾ?"

ಬಿಸಿಲು ತಿನ್ನೋ ದೀಪ

ನನ್ನ ಗೋಳು ನೋಡಲಾರದೆ ಮಗಳು ಸೋಲಾರ್ ದೀಪದ ಸರ ತಂದುಕೊಟ್ಟಳು. "ಇದಕ್ಕೆ ಪಾಯಿಂಟೇ ಬೇಡಮ್ಮ. ಹಗಲೆಲ್ಲ ಬಿಸಿಲು ತಿನ್ನುತ್ತೆ, ಕತ್ತಲಾದ ತಕ್ಷಣ ತಾನೇ ಹತ್ಕೊಳ್ಳುತ್ತೆ" ಅಂದಳು. ತುಳಸಿಹಬ್ಬಕ್ಕೆ ತುಳಸಿಕಟ್ಟೆಗೆ ಸುತ್ತಿದೆ. ಬೀದಿಯ ಹೆಂಗಸರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದೆ.

ಕತ್ತಲಾಯ್ತು. ಎದುರುಗಡೆ ಝಗ್ ಅಂತ ಹತ್ತಿತು. ಕೆಂಪು, ಹಸಿರು, ಓಡೋದು, ಕುಣಿಯೋದು. ನನ್ನದು ಹತ್ತಲಿಲ್ಲ. ತಟ್ಟಿದೆ, ಒರೆಸಿದೆ, ಬೈದೆ. ಊಹೂಂ.

ಮಗಳು ಬಗ್ಗಿ ನೋಡಿ, "ಅಮ್ಮಾ, ಎದುರುಮನೆ ಬೆಳಕು ಬೀಳ್ತಾ ಇದ್ಯಲ್ಲ, ಇದು ಇನ್ನೂ ಹಗಲು ಅಂದ್ಕೊಂಡಿದೆ" ಅಂದಳು.

ನನ್ನ ಮನೆ ಅನ್ನ ತಿಂದು ಅವಳನ್ನೇ ಸೂರ್ಯ ಅನ್ನುತ್ತಲ್ಲ ಈ ದೀಪ! ತುಳಸಮ್ಮನ ಮುಂದೆ ಕೈಮುಗಿದು, "ತಾಯೀ, ಒಂದು ಗಳಿಗೆ ಕರೆಂಟ್ ತೆಗಿ" ಅಂತ ಬೇಡಿಕೊಂಡೆ. ನಂಬಿದ್ರೆ ನಂಬಿ, ಹೋಯ್ತು. ಎದುರುಮನೆ ಕಪ್ಪಾಯ್ತು. ನನ್ನ ದೀಪ ಹತ್ತಿತು. ಹೆಂಗಸರು "ಆಹಾ" ಅಂದ್ರು.

ಅವಳು ಯು.ಪಿ.ಎಸ್. ಹಾಕಿದಳು. ನನ್ನದು ಆರಿತು.

ಗಣಪತಿಗೆ ಕರೆಂಟು

ಅದಾದ ಮೇಲಿನ ಗಣೇಶನ ಹಬ್ಬಕ್ಕೆ ನಾನು ಸುಮ್ಮನೆ ಕೂರಲಿಲ್ಲ. ಕಮಿಟಿ ಸೆಕ್ರೆಟರಿ ಅವಳ ಮನೆ ಕಡೆ ಹೋಗ್ತಾ ಇದ್ದವನನ್ನ ನಮ್ಮನೆ ಒಳಗೆ ಕರೆದು ಒಂದು ತಟ್ಟೆ ಕೋಡುಬಳೆ ಇಟ್ಟೆ.

"ಈ ಸಲ ಕರೆಂಟು ನಮ್ಮನೇದು ಕಣಪ್ಪ."

"ಹೊರಗೆ ಪಾಯಿಂಟ್ ಇಲ್ವಲ್ಲಮ್ಮ?"

"ಟಿ.ವಿ.ದು ಕೀಳ್ತೀನಿ."

ಯಜಮಾನರು ಪೇಪರಿನ ಹಿಂದಿನಿಂದ, "ನನ್ನ ನ್ಯೂಸು?" ಅಂದ್ರು.

"ಗಣಪತಿಗಿಂತ ದೊಡ್ಡ ನ್ಯೂಸು ಯಾವುದ್ರೀ?" ಅಂತ ಬಾಯಿ ಮುಚ್ಚಿಸಿದೆ.

ಟಿ.ವಿ. ಪಾಯಿಂಟಿನಿಂದ ಕಿಟಕಿ ದಾಟಿ ಪೆಂಡಾಲಿಗೆ ವೈರು ಹೋಯ್ತು. ದೀಪ, ಮೈಕು, ಎಲ್ಲಾ ಅದರಿಂದಲೇ. ಸಂಜೆ ಮಂಗಳಾರತಿ ಹೊತ್ತಿಗೆ ರೇಷ್ಮೆಸೀರೆ ಉಟ್ಟೆ. ಆದ್ರೆ ಪೆಂಡಾಲಿಗೆ ಹೋಗಲಿಲ್ಲ. ನಾನು ಅತ್ತ ಹೋದ್ರೆ ಇವರು ಇತ್ತ ನ್ಯೂಸಿಗೋಸ್ಕರ ಪ್ಲಗ್ ಕಿತ್ತರೆ? ಹೆಸರು ಕೂಗಿದ ಮೇಲೆ ಹೋದರಾಯ್ತು ಅಂತ, ಪೆಂಡಾಲು ಚೆನ್ನಾಗಿ ಕಾಣಲಿ ಅಂತ ರೂಮಿನ ಲೈಟು ಆರಿಸಿ, ಪ್ಲಗ್ ಪಕ್ಕದಲ್ಲೇ ಕಾವಲು ನಿಂತೆ.

ಸೆಕ್ರೆಟರಿ ಮೈಕು ಹಿಡಿದ. "ಭಕ್ತಾದಿಗಳೇ, ಮೊದಲ ಮಂಗಳಾರತಿಗೆ ಮುಂಚೆ ಒಂದು ಮಾತು. ನಮ್ಮ ಮೂರಂತಸ್ತಿನ ಮನೆ ಅಮ್ಮನವರು ಇದ್ದಾರಲ್ಲ, ಅವರದ್ದು ಎಂಥಾ ದೊಡ್ಡ ಮನಸ್ಸು ಅಂದ್ರೆ..."

ಪಾಯಿಂಟು ನನ್ನದು, ಕರೆಂಟು ನನ್ನದು, ಅದರಲ್ಲಿ ಅವಳ ಹೊಗಳಿಕೆಯಾ? ಕೈ ತಾನೇ ಹೋಯ್ತು. ಕಿತ್ತೆ.

ಪೆಂಡಾಲು ಕಪ್ಪಾಯ್ತು. ಜನ "ಓ" ಅಂದ್ರು. ಎರಡೇ ನಿಮಿಷ, ಅವಳ ಗೇಟಿನ ಪಾಯಿಂಟಿಗೆ ಬೇರೆ ವೈರು ಸಿಕ್ಕಿಸಿದ್ರು, ದೀಪ ಬಂತು, ಮೈಕು ಬಂತು. "ಕಗ್ಗತ್ತಲಲ್ಲಿ ಕೈಹಿಡಿದ ತಾಯಿ! ಮೊದಲ ಮಂಗಳಾರತಿ ಇವರಿಗೇ!" ಕತ್ತಲಲ್ಲಿ ನಿಂತು ಕೇಳಿಸಿಕೊಂಡೆ.

ಸ್ವಲ್ಪ ಹೊತ್ತಿಗೆ ಒಂದು ಕೈಯಲ್ಲಿ ಪ್ರಸಾದ, ಇನ್ನೊಂದು ಕೈಯಲ್ಲಿ ಟಾರ್ಚು ಹಿಡಿದು ಮೂರಂತಸ್ತಿನವಳು ನನ್ನ ಕಿಟಕಿಗೇ ಬಂದಳು.

"ಅಯ್ಯೋ ಅಕ್ಕಾ, ಎಂಥಾ ಕೆಲಸ ಆಯ್ತು! 'ಪ್ರತಿವರ್ಷ ನನಗ್ಯಾಕೆ, ಈ ಸಲ ಮೊದಲ ಮಂಗಳಾರತಿ ಅಕ್ಕನಿಗೆ ಕೊಡಿ' ಅಂತ ನಾನೇ ಹೇಳಿದ್ದೆ. ಸೆಕ್ರೆಟರಿ ಅದನ್ನೇ ಮೈಕಿನಲ್ಲಿ ಹೇಳೋಕೆ ಹೊರಟಿದ್ದ. ಇನ್ನೇನು ನಿಮ್ಮ ಹೆಸರು ಬರಬೇಕು, ಅಷ್ಟರಲ್ಲಿ ಕರೆಂಟು ಹೋಯ್ತು."

ಕೈಲಿದ್ದ ಪ್ಲಗ್ಗನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, "ಏನ್ ಮಾಡೋದು ಕಣಮ್ಮಾ, ನಮ್ಮ ಸಾಲಿಗೆ ಪೂರ್ತಿ ಹೋಗಿದೆ" ಅಂದೆ.

ಅವಳು ಪಟಪಟ ಹಾರಾಡ್ತಿದ್ದ ನನ್ನ ಸೆರಗು ನೋಡಿದಳು. ಟಾರ್ಚನ್ನು ನಿಧಾನವಾಗಿ ಮೇಲಕ್ಕೆತ್ತಿದಳು.

"ಹೌದಾ ಅಕ್ಕಾ? ಹಂಗಾದ್ರೆ ನಿಮ್ಮ ಫ್ಯಾನು ಯಾವ ಸಾಲಿಂದು?"