ಗುಳಿಗೆ ನುಂಗಿದ ಅಜ್ಜಿಯಿಂದ ದೂರವಿರಿ

ಇನ್ನಾದರೂ ಮರ್ಯಾದೆಯಿಂದ ಇರೋಣವೆಂದು ನಾನು ನಿರ್ಧರಿಸಿದಾಗಲೆಲ್ಲ ಇಂಥದ್ದೇನಾದರೂ ಆಗಿಯೇ ಆಗುತ್ತದೆ. ದೋಹಾದಲ್ಲಿ ತಲೆ ನೆರೆತರೂ ನನ್ನ ಈ ಗ್ರಹಚಾರ ಬಿಟ್ಟಿಲ್ಲ.

ಈ ಸಲ ಥೈರಾಯ್ಡ್ ಕಾಯಿಲೆಗೆ ವಿಕಿರಣದ ಗುಳಿಗೆ ನುಂಗಿ ಆಸ್ಪತ್ರೆಯ ಒಂಟಿ ಕೋಣೆ ಸೇರಿದೆ. ಆ ಶುಕ್ರವಾರವೇ ಅಬು ಹಮೂರ್‌ನ ಇಗರ್ಜಿಯಲ್ಲಿ ನನ್ನ ಮೊದಲ ಮೊಮ್ಮಗಳ ಜ್ಞಾನಸ್ನಾನ. ಅವತ್ತು ಅವಳನ್ನು ಎತ್ತಿಕೊಳ್ಳಬೇಕು, ಅದೊಂದೇ ಆಸೆ. ಕಾಯಿಲೆಯ ಸುದ್ದಿ ಮಗ, ಸೊಸೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಮ್ಮ ಊರಿನವರು ಒಬ್ಬೊಬ್ಬರೂ ಒಂದೊಂದು ಕಷಾಯ ಹಿಡಿದುಕೊಂಡು ಬರುತ್ತಾರೆ.

೧. ಟ್ಯಾಂಕು

ಯಂತ್ರ ಹಿಡಿದು ವಿಕಿರಣ ಅಳೆಯುವವನು ಕೇರಳದ ಹುಡುಗ. ಬಾಗಿಲ ಆಚೆ ನಿಂತೇ ಹೇಳಿದ, “ಅಮ್ಮಚ್ಚಿ, ಟಾಯ್ಲೆಟ್ಟಿಗೆ ಹೋದಾಗಲೆಲ್ಲ ಎರಡೆರಡು ಸಲ ಫ್ಲಶ್ ಮಾಡಬೇಕು.”

“ಈ ಮರಳುಗಾಡಿನಲ್ಲಿ ಅಷ್ಟು ನೀರು ಚರಂಡಿಗೆ ಸುರಿಯುವುದಾ?”

“ಚರಂಡಿಗಲ್ಲ. ಕೆಳಗೆ ಬೇರೆ ಟ್ಯಾಂಕು ಇದೆ. ವಿಕಿರಣ ಇಳಿಯುವವರೆಗೆ ಅಲ್ಲೇ ಕೂಡಿಡುತ್ತೇವೆ. ಬೀಗವೂ ಉಂಟು.”

ಇಷ್ಟು ವರ್ಷದ ಸಂಸಾರದಲ್ಲಿ ನನ್ನದು ಅಂತ ಬೀಗ ಹಾಕಿ ಕಾಪಾಡಿದ್ದು ಅದೊಂದೇ.

೨. ಡಬ್ಬಿಗಳು

ಊಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತಿತ್ತು. ತಿಂದ ಮೇಲೆ ಹಳದಿ ಚೀಲಕ್ಕೆ ಹಾಕಬೇಕೆಂದು ಹೇಳಿದ್ದರು. ಎಂಥ ಗಟ್ಟಿ ಡಬ್ಬಿ! ಮುಚ್ಚಳ ಬೇರೆ ಸರಿಯಾಗಿ ಕೂರುತ್ತದೆ. ಮೀನುಸಾರು ಫ್ರೀಜರಿನಲ್ಲಿಡಲು ಹೇಳಿ ಮಾಡಿಸಿದ ಹಾಗಿತ್ತು. ತೊಳೆದು, ಒರೆಸಿ, ಕಿಟಕಿಯ ಬಳಿ ಜೋಡಿಸಿಟ್ಟೆ.

ಹುಡುಗ ಯಂತ್ರ ಹಿಡಿದು ಬಂದ. ನನ್ನ ಹತ್ತಿರ ತಂದಾಗಲೆಲ್ಲ ಕೂಗುತ್ತಿದ್ದ ಯಂತ್ರ ಡಬ್ಬಿಗಳ ಹತ್ತಿರವೂ ಕೂಗಿತು.

“ಅಮ್ಮಚ್ಚಿ! ಇದೆಲ್ಲ ಸ್ಟೋರಿಗೆ ಹೋಗಬೇಕು. ವಿಕಿರಣ ಪೂರ್ತಿ ಇಳಿದ ಮೇಲೆಯೇ ಎಸೆಯುವುದು.”

“ಇಳಿಯಲು ಎಷ್ಟು ದಿನ?”

“ಕೆಲವು ತಿಂಗಳು.”

“ಹಾಗಾದರೆ ಮುಚ್ಚಳ ಬೇರೆ ಮಾಡಬೇಡ. ಆಮೇಲೆ ಬಂದು ತೆಗೆದುಕೊಂಡು ಹೋಗುತ್ತೇನೆ.”

ಅವನು ನಗಲಿಲ್ಲ. ನಾನೂ ತಮಾಷೆಗೆ ಹೇಳಿರಲಿಲ್ಲ.

೩. ಸಂಧಾನ

ಬಿಡುಗಡೆಯ ದಿನ ಡಾಕ್ಟರು ನನ್ನ ಆಸೆಗೆ ಕಲ್ಲು ಹಾಕಿದರು. ಇಗರ್ಜಿಗೆ ಹೋಗಬಹುದು, ಮೂಲೆಯಲ್ಲಿ ಒಬ್ಬಳೇ ಕೂರಬೇಕು, ಮಗುವಿನ ಹತ್ತಿರ ಮಾತ್ರ ಹೋಗಕೂಡದು. ಅಂದರೆ ಸ್ಟೋರಿನಲ್ಲಿ ಜಾಗವಿಲ್ಲದೆ ನನ್ನನ್ನು ಮನೆಗೆ ಕಳಿಸಿದಂತಾಯಿತು.

ಶುಕ್ರವಾರ ಜ್ಞಾನಸ್ನಾನ ಮುಗಿದ ಮೇಲೆ ಊಟದ ಹಾಲ್‌ನಲ್ಲಿ ಮೂಲೆಯ ಮೇಜು ಹಿಡಿದೆ. ನಮ್ಮ ಕಡೆಯಲ್ಲಿ ಶುಭಕಾರ್ಯದ ದಿನ ಅತ್ತೆ ಒಬ್ಬಳೇ ಕೂತರೆ ಅದಕ್ಕೆ ಒಂದೇ ಅರ್ಥ. ಸ್ವಲ್ಪ ಹೊತ್ತಿನಲ್ಲೇ ಊರಿನ ಜಗಳಗಳನ್ನೆಲ್ಲ ರಾಜಿ ಮಾಡಿಸುವ ಉಡುಪಿಯ ಹಿರಿಯರು ಬಂದರು.

“ಬಾಯಮ್ಮ, ಸೊಸೆ ಚಿಕ್ಕವಳು. ಏನೋ ಅಂದಿರಬಹುದು.”

“ಅವಳು ಏನೂ ಅಂದಿಲ್ಲ ಮಾರಾಯ್ರೆ!”

“ನಿಮ್ಮದು ದೊಡ್ಡ ಮನಸ್ಸು,” ಎಂದವರೇ ಎದ್ದು ಹೋಗಿ, ಯಾರದೋ ಕೈಯಲ್ಲಿದ್ದ ಮಗುವನ್ನು ಎತ್ತಿಕೊಂಡು ನೇರ ನನ್ನತ್ತ ಬಂದರು. “ಮಡಿಲಿಗೆ ಹಾಕಿದರೆ ಎಲ್ಲ ಖಲಾಸ್!”

ನಾನು ಎದ್ದೆ. ಅವರು ಮೇಜಿನ ಈ ಕಡೆಯಿಂದ ಬಂದರು, ನಾನು ಆ ಕಡೆಯಿಂದ ಹೋದೆ. ಅವರು ಬೇಗ ಬಂದರು. ಮಂಡಿನೋವಿದ್ದ ನಾನು ಸೀರೆ ಎತ್ತಿ ಓಡಿದೆ. ಬಿರಿಯಾನಿ ಬಡಿಸುವವರು ದಾರಿ ಬಿಟ್ಟರು. ಸೊಸೆ ಓಡಿ ಬಂದು ಮಗುವನ್ನು ಕಸಿದುಕೊಳ್ಳುವಷ್ಟರಲ್ಲಿ ನಾನು ಪಾರ್ಕಿಂಗಿನಲ್ಲಿದ್ದೆ.

ಏದುಸಿರು ಇಳಿಯುವ ಮೊದಲೇ ಫೋನು ಬಂತು. ಮಂಗಳೂರಿನಿಂದ ತಂಗಿ.

“ಅಲ್ಲ ಅಕ್ಕಾ, ಸೊಸೆಯ ಮೇಲೆ ಸಿಟ್ಟಿದ್ದರೆ ಇರಲಿ. ಪಾಪ, ಆ ಕೂಸು ನಿನಗೆ ಏನು ಮಾಡಿತು?”